ಕರೆಯುವ ಹಕ್ಕಿಯ ಚಿತ್ರ

ನರಿಕೊಂಬು, ಬಂಟ್ವಾಳ
12-2-2025, ಬುಧವಾರ

ಪ್ರೀತಿಯ ಸೌದಾ,

ಸಲಾಂ. ನಿನ್ನ ಮಂಡಿನೋವು ಹೇಗಿದೆ? ಶಾರ್ಜಾದ ಆ ಮನೆಯಲ್ಲಿ ಎ.ಸಿ. ನಿಲ್ಲುವುದೇ ಇಲ್ಲ ಎಂದಿದ್ದೆ. ಕಾಲಿಗೆ ಸಾಕ್ಸ್ ಹಾಕಿಕೊಂಡು ಮಲಗು, ನಾಚಿಕೆ ಮಾಡಬೇಡ. ಶಬ್ನಾ ಬಾಣಂತಿ ಲೇಹ ಸರಿಯಾಗಿ ತಿನ್ನುತ್ತಿದ್ದಾಳೆಯೇ? ಅವಳು ಚಿಕ್ಕಂದಿನಲ್ಲಿ ಮದ್ದನ್ನು ನಾಲಗೆಯ ಅಡಿಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳುತ್ತಿದ್ದವಳು, ಬಾಯಿ ತೆರೆಸಿ ನೋಡು. ಮಗುವಿಗೆ ನಲವತ್ತು ದಿನ ಆಗುತ್ತಾ ಬಂತಲ್ಲ. ನಿನ್ನೆ ವೀಡಿಯೋದಲ್ಲಿ ಅದು ಆಕಳಿಸಿದ್ದು ನೋಡಿ ಮುನವ್ವರ್ ‘ಉಪ್ಪಾ, ಇದು ನಿಮ್ಮದೇ ಆಕಳಿಕೆ’ ಎಂದ. ಮಗನೂ ಸೊಸೆಯೂ ಇಲ್ಲಿ ಸೌಖ್ಯ. ಮುರ್ಶಿದಾ ನೀನು ಹೇಳಿಕೊಟ್ಟ ಹಾಗೆಯೇ ಮೀನಿನ ಸಾರು ಮಾಡುತ್ತಾಳೆ, ಹುಳಿ ಮಾತ್ರ ಒಂದು ಚೂರು ಮುಂದೆ ಹೋಗುತ್ತದೆ. ನಾನು ಹೇಳಲಿಲ್ಲ, ನೀನೂ ಹೇಳಬೇಡ.

ದಿನವೂ ಫೋನಿನಲ್ಲಿ ಮಾತಾಡುವ ಈ ಮುದುಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ನಗುತ್ತೀ. ಏನು ಮಾಡಲಿ, ಅಲ್ಲಿ ನೀವು ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ನಡುವೆ ಇಡುತ್ತೀರಿ. ಶಬ್ನಾ, ಅಳಿಯ, ಅಳಿಯನ ತಂಗಿ, ಎಲ್ಲರೂ ಸುತ್ತ ಕೂತು ಕೇಳುತ್ತಾರೆ. ಇಲ್ಲಿ ಮುರ್ಶಿದಾ ಒಲೆಯ ಬಳಿಯಿಂದಲೇ ಉತ್ತರ ಕೊಡುತ್ತಾಳೆ. ನನಗೆ ಸಭೆಯಲ್ಲಿ ಭಾಷಣ ಮಾಡಿದ ಹಾಗಾಗುತ್ತದೆ. ನಾಳೆ ನಮ್ಮೂರ ಇರ್ಷಾದ್ ರಜೆ ಮುಗಿಸಿ ಶಾರ್ಜಾಕ್ಕೆ ಹೊರಡುತ್ತಾನೆ, ಅವನ ಪೆಟ್ಟಿಗೆಯಲ್ಲಿ ನಮ್ಮ ಕಟ್ಟಿಗೂ ಸ್ವಲ್ಪ ಜಾಗ ಕೊಟ್ಟಿದ್ದಾನೆ. ಕುಚ್ಚಲಕ್ಕಿ, ಒಣಮೀನು, ಎರಡು ಬಾಟಲಿ ತೆಂಗಿನೆಣ್ಣೆ. ಇವುಗಳ ನಡುವೆ ಈ ಕಾಗದ. ಮಾತಾಡುವುದು ಬ್ಯಾರಿ ಭಾಷೆಯಲ್ಲಾದರೂ ನನ್ನ ಕೈಗೆ ಬರುವ ಅಕ್ಷರ ಶಾಲೆಯ ಕನ್ನಡದ್ದೇ, ಹಾಗಾಗಿ ಸ್ವಲ್ಪ ಮೇಷ್ಟ್ರ ಹಾಗೆ ಕೇಳಿಸಿದರೆ ಸಹಿಸಿಕೋ. ವೀಸಾದ ವಿಷಯ ಹೋದ ಶುಕ್ರವಾರ ಫೋನಿನಲ್ಲೇ ಮುಗಿಯಿತಲ್ಲ, ಅದನ್ನು ಮತ್ತೆ ಎಳೆಯುವುದಿಲ್ಲ. ಒಂದು ಮಾತು ಮಾತ್ರ. ಯಾವ ಪುಸ್ತಕ ಕೈಗೆ ಸಿಕ್ಕಿದರೂ ಕೊನೆಯ ಪುಟ ಮೊದಲು ಓದುವ ನಿನ್ನ ಅಭ್ಯಾಸ ಇಲ್ಲಿ ಬೇಡ. ಕ್ರಮವಾಗಿ ಓದು.

ಈಗ ವಿಷಯ ಹೇಳಿಬಿಡುತ್ತೇನೆ. ಹೋದ ವಾರ ಸೋಮವಾರ ಬೆಳಿಗ್ಗೆ ನಿನ್ನ ಮುತ್ತು ಗೂಡಿನಿಂದ ಹಾರಿಹೋಯಿತು. ಕೂತುಕೋ, ಎದ್ದು ಫೋನು ಹುಡುಕಬೇಡ. ತಪ್ಪು ನನ್ನದೇ. ಗೂಡಿನ ಬಾಗಿಲಿನ ಕೊಂಡಿ ಸಡಿಲವಾಗಿದೆ, ಬದಲಾಯಿಸಿ ಎಂದು ನೀನು ಹೊರಡುವ ದಿನ ವಿಮಾನ ನಿಲ್ದಾಣದಲ್ಲೂ ಹೇಳಿದ್ದೆ. ನಾನು ಬದಲಾಯಿಸಲಿಲ್ಲ. ಬೈಂಡಿಂಗಿನ ದಾರಕ್ಕೆ ಮೇಣ ಸವರಿ ಗಂಟು ಹಾಕಿದೆ. ನಲವತ್ತು ವರ್ಷದಿಂದ ಪುಸ್ತಕ ಹೊಲಿಯುವ ಕೈ, ಇದರ ಗಂಟು ಬಿಚ್ಚುವವರು ಇನ್ನೂ ಹುಟ್ಟಬೇಕು ಎಂಬ ಜಂಬ. ನಿನ್ನ ಹಕ್ಕಿ ಎಂಟು ವಾರ ಕೂತು ಅದನ್ನು ಎಳೆ ಎಳೆಯಾಗಿ ಬಿಡಿಸಿದೆ. ಗೂಡಿನ ಅಡಿಯಲ್ಲಿ ದಾರದ ಚೂರುಗಳು ಬಿದ್ದದ್ದನ್ನು ನಾನು ದಿನವೂ ಗುಡಿಸುತ್ತಿದ್ದೆ, ಎಲ್ಲಿಂದ ಬಂತು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಅಂದಿನಿಂದ ನಾನು ನಿನಗೆ ಹೇಳಿದ್ದೆಲ್ಲ ಸುಳ್ಳು. ‘ಮುತ್ತುವನ್ನು ಫೋನಿನ ಹತ್ತಿರ ತನ್ನಿ’ ಎಂದು ನೀನು ಕೇಳಿದಾಗ ನಿದ್ದೆ ಮಾಡುತ್ತಿದೆ ಎಂದೆ, ಮರುದಿನ ಸ್ನಾನ ಎಂದೆ. ಮೂರನೆಯ ದಿನ ಸುಳ್ಳು ಹುಡುಕುತ್ತಿರುವಾಗಲೇ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನೀನು ‘ಹಾ, ಕೇಳಿತು ಕೇಳಿತು, ನನ್ನ ಬಂಗಾರ’ ಎಂದು ಖುಷಿಪಟ್ಟೆ. ಮುತ್ತು ಕುಕ್ಕರಿನ ಹಾಗೆ ಶಿಳ್ಳೆ ಹಾಕಿ ಎಷ್ಟು ಸಲ ನಮಗೆ ಅರೆಬೆಂದ ಅನ್ನ ಉಣ್ಣಿಸಿಲ್ಲ. ಈ ಸಲ ಕುಕ್ಕರೇ ಮುತ್ತುವಿನ ಪಾತ್ರ ಮಾಡಿತು. ಮುರ್ಶಿದಾ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಬೇಗ ಮರೆಯುವುದಿಲ್ಲ.

ಮುತ್ತು ದೂರ ಹೋಗಿರಲಿಲ್ಲ. ಪಕ್ಕದ ಜತ್ತಪ್ಪಣ್ಣನ ಹಿತ್ತಲಿನಲ್ಲಿ, ಹೊಳೆಯ ಬದಿಗೆ ಬಾಗಿರುವ ಆ ದೊಡ್ಡ ಮಾವಿನ ಮರದ ತುದಿಯಲ್ಲಿ ಕೂತಿತ್ತು. ಹೂ ಬಿಟ್ಟ ಮರದಿಂದ ಕುಕ್ಕರಿನ ಶಿಳ್ಳೆ ಕೇಳಿ ಜತ್ತಪ್ಪಣ್ಣ ಹೆದರಿ ಹೊರಗೆ ಬಂದಿದ್ದರಂತೆ. ಗೂಡನ್ನು ಬಾಗಿಲು ತೆರೆದು ಮರದಡಿ ಇಟ್ಟೆ. ತೆನೆ ಇಟ್ಟೆ, ಪೇರಳೆ ಇಟ್ಟೆ. ಅದು ಕತ್ತು ಓರೆ ಮಾಡಿ ನೋಡುತ್ತದೆ, ಜುಟ್ಟು ಎತ್ತುತ್ತದೆ, ಇಳಿಯುವುದಿಲ್ಲ. ಮೇಲೆ ಗಿಡುಗ ಸುತ್ತುತ್ತಿತ್ತು. ಮುನವ್ವರ್ ಏಣಿ ತಂದ, ಅವನು ಏರಿದಷ್ಟು ಅದೂ ಏರಿತು.

ಆ ಸಂಜೆ ಅಂಗಡಿಯಲ್ಲಿ ಕೂತವನಿಗೆ ಮೇಜಿನ ಮೇಲಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಮೂಡುಬಿದಿರೆಯ ಧನರಾಜ್ ಮಾಸ್ಟ್ರು ರಿಪೇರಿಗೆ ಕೊಟ್ಟದ್ದು. ನಿನಗೆ ಅವರು ಗೊತ್ತಿಲ್ಲ, ನಿವೃತ್ತ ಹೆಡ್‌ಮಾಸ್ಟ್ರು, ಜೈನರು. ಅವರ ಅಜ್ಜನಿಗೆ ಯಾರೋ ಪಾದ್ರಿ ಊರು ಬಿಡುವಾಗ ಕೊಟ್ಟುಹೋದ ಪುಸ್ತಕವಂತೆ, ಭಾಷೆ ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಒಳಗೆ ಎಂಟು ಚಿತ್ರ, ಎಂಟೂ ಹಕ್ಕಿ ಹಿಡಿಯುವ ಬಗೆಗಳು! ಇರುವೆ ಸಾಯಬಾರದೆಂದು ನೆಲ ನೋಡಿ ನಡೆಯುವ ಮನೆಗೆ ಇಂಥ ಪುಸ್ತಕ. ಇಟ್ಟುಕೊಳ್ಳಲು ಮನಸ್ಸಿಲ್ಲ, ಬಿಸಾಡಲೂ ಮನಸ್ಸಿಲ್ಲ, ಮೂರು ತಲೆಮಾರಿನಿಂದ ಅಟ್ಟದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಈಗ ಕಾಲೇಜಿನ ಲೈಬ್ರರಿಗೆ ಕೊಡುತ್ತಾರೆ. ನನಗೆ ಕೊಡುವಾಗ ಒಂದು ಷರತ್ತು ಹಾಕಿದರು. ‘ರವೂಫರೇ, ಒಳಗೆ ಇಷ್ಟು ಹಕ್ಕಿಗಳು ಸಿಕ್ಕಿಬಿದ್ದಿವೆ. ಹೊರಗೆ ಇನ್ನೊಂದು ಪ್ರಾಣಿಯ ಚರ್ಮ ಬೇಡ, ಎಲುಬಿನ ಅಂಟೂ ಬೇಡ.’ ಹಾಗಾಗಿ ಕ್ಯಾಲಿಕೋ ಬಟ್ಟೆ, ಮೈದಾದ ಅಂಟು, ಹುಳ ಬಾರದ ಹಾಗೆ ಚಿಟಿಕೆ ಮೈಲುತುತ್ತ.

ಸೌದಾ, ಆ ಚಿತ್ರಗಳನ್ನು ನೀನು ನೋಡಬೇಕಿತ್ತು. ತಾಮ್ರದ ತಗಡಿನ ಮೇಲೆ ಸೂಜಿಯಂಥ ಉಳಿಯಿಂದ ಕೊರೆದು ಒತ್ತಿದ್ದು. ಕಾಗದದ ಮೇಲೆ ಬೆರಳಾಡಿಸಿದರೆ ತಗಡಿನ ಅಂಚು ಒತ್ತಿದ ತಗ್ಗು ಈಗಲೂ ಸಿಗುತ್ತದೆ. ಒಂದರಲ್ಲಿ ಬಟ್ಟೆಯ ಮೇಲೆ ಬರೆದ ಹಸುವಿನ ಹಿಂದೆ ಅಡಗಿಕೊಂಡು ಒಬ್ಬ ಮೆಲ್ಲನೆ ಹೋಗುತ್ತಿದ್ದಾನೆ, ಕೆಳಗೆ ಹಸುವಿಗೆ ಎರಡೇ ಕಾಲು, ಅದೂ ಬೂಟು ಹಾಕಿದ್ದು. ಇನ್ನೊಂದರಲ್ಲಿ ದೊಡ್ಡ ಮನೆಯ ಹೆಂಗಸರು ಬೀಸಣಿಗೆ ಹಿಡಿದು ತಮಾಷೆ ನೋಡುತ್ತಿದ್ದಾರೆ, ಮುಂದೆ ಆಳು ಕಡ್ಡಿಗಳಿಗೆ ಅಂಟು ಸವರಿ ಮರಕ್ಕೆ ಚುಚ್ಚುತ್ತಿದ್ದಾನೆ. ನಾವೂ ಚಿಕ್ಕಂದಿನಲ್ಲಿ ಹಲಸಿನ ಮೇಣದಲ್ಲಿ ಇದನ್ನೇ ಮಾಡಿದವರು. ಸಾವಿರಾರು ಮೈಲಿ ಆಚೆಯ ಜನ, ನಮ್ಮದೇ ಕಿತಾಪತಿ! ಹಿಡಿಯುವವನ ಮುಖಕ್ಕಿಂತ ಹಕ್ಕಿಯ ರೆಕ್ಕೆಗೆ ಹೆಚ್ಚು ಗೆರೆ ಕೊರೆದಿದ್ದಾನೆ ಆ ಪುಣ್ಯಾತ್ಮ. ಸಿಕ್ಕಿಬಿದ್ದ ಹಕ್ಕಿಯ ಕಣ್ಣಿನಲ್ಲೂ ಒಂದು ಬಿಳಿ ಚುಕ್ಕೆ ಬಿಡಲು ಮರೆತಿಲ್ಲ. ಅಂಟು ಹಾಕುವುದು ನನಗೆ ಕಸುಬೇ ಆದರೂ ಮುತ್ತುವಿನ ಗರಿ ಅಂಟಿಸಿ ತಂದರೆ ನೀನು ನನ್ನನ್ನು ಮನೆಯೊಳಗೆ ಬಿಡುವುದಿಲ್ಲ ಎಂದು ಆ ಚಿತ್ರ ದಾಟಿದೆ.

ಮಂಗಳವಾರ ಗೂಬೆ ಮಾಡಿದೆ. ನಗಬೇಡ. ಚಿತ್ರದಲ್ಲಿ ಕೋಲಿನ ಮೇಲೆ ಗೂಬೆ ಕೂರಿಸಿದ್ದಾರೆ, ಹಗಲು ಗೂಬೆ ಕಂಡರೆ ಹಕ್ಕಿಗಳೆಲ್ಲ ಬೈಯಲು ಹತ್ತಿರ ಬರುತ್ತವೆ. ನಾನು ರಟ್ಟು ಕತ್ತರಿಸಿ, ಕೋಟಿನ ಗುಂಡಿಯ ಎರಡು ಕಣ್ಣು ಹೊಲಿದು, ಮಾರ್ಬಲ್ ಕಾಗದದ ಗರಿ ಅಂಟಿಸಿ ಜತ್ತಪ್ಪಣ್ಣನ ಬೇಲಿಗೆ ನಿಲ್ಲಿಸಿದೆ. ಕೆಲಸ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನರಿಕೊಂಬಿನ ಕಾಗೆಗಳು ಒಂದೂ ಉಳಿಯದೆ ಬಂದವು. ಆ ಗಲಾಟೆಗೆ ಮುತ್ತು ಹೆದರಿ ಇನ್ನೂ ಒಂದು ಕೊಂಬೆ ಮೇಲೆ ಹೋಯಿತು. ಗೂಬೆಯ ಒಂದು ಕಣ್ಣು ಕಾಗೆ ಕಿತ್ತುಕೊಂಡು ಹೋಗಿದೆ. ನನ್ನ ಕಂದು ಕೋಟಿನ ಗುಂಡಿ ಎಲ್ಲಿ ಎಂದು ಬಂದ ಮೇಲೆ ಕೇಳಬೇಡ.

ಬುಧವಾರ ಬಲೆ. ಜತ್ತಪ್ಪಣ್ಣ ಹೊಳೆಯಲ್ಲಿ ಮೀನು ಹಿಡಿಯುವವರಲ್ಲವೇ, ‘ಬ್ಯಾರಿಗಳೇ, ಬಲೆ ನನ್ನದು ಉಂಟು, ಹಿಡಿದು ನೋಡುವ’ ಎಂದು ಹಳೆಯ ಬಲೆ ಕೊಟ್ಟರು. ಚಿತ್ರದಲ್ಲಿದ್ದ ಹಾಗೆಯೇ ನೆಲದ ಮೇಲೆ ಎರಡು ರೆಕ್ಕೆಯಾಗಿ ಹಾಸಿದೆವು, ನಡುವೆ ಪೇರಳೆ. ಹಗ್ಗ ಹಿಡಿದು ಹುಲ್ಲಿನ ರಾಶಿಯ ಹಿಂದೆ ಕೂತೆ. ಚಿತ್ರದವನು ಹೇಗೆ ಕೂತಿದ್ದಾನೋ ಹಾಗೆಯೇ, ಎಡಮಂಡಿ ಊರಿ, ಎಡಗೈಯಲ್ಲಿ ಹಗ್ಗ. ಅಷ್ಟು ಹೊತ್ತಿಗೆ ಮುತ್ತು ಬಂತು! ನಿಜವಾಗಿ ಇಳಿದು ಬಂತು, ಬಲೆಯ ನಡುವೆ ನಿಂತು ಪೇರಳೆಗೆ ಎರಡು ಸಲ ಕೊಕ್ಕು ಹಾಕಿತು. ನಾನು ಎಳೆದೆ. ನೀನು ಎಣ್ಣೆ ತಿಕ್ಕುವ ಆ ಹಿಡಿದುಹೋದ ಎಡಭುಜ ಇದೆಯಲ್ಲ, ಅದು ಅರ್ಧಕ್ಕೆ ನಿಂತಿತು. ಬಲೆ ಸೋಮಾರಿಯ ಹಾಗೆ ಎದ್ದು ಜತ್ತಪ್ಪಣ್ಣನ ಹೇಂಟೆಯ ಮೇಲೆ ಬಿತ್ತು. ಮುತ್ತು ಮರದ ತುದಿ ಸೇರಿತು, ಮತ್ತೆ ಪೇರಳೆಗೆ ಇಳಿಯಲೇ ಇಲ್ಲ.

ಅಂಗಡಿಗೆ ಹೋಗಿ ಸಿಟ್ಟಿನಿಂದ ಭೂತಗನ್ನಡಿ ಹಿಡಿದು ಆ ಚಿತ್ರ ನೋಡಿದೆ. ಹಗ್ಗ ಎಳೆಯುವವನು ಎಡಚ. ಸರಿ, ಒಬ್ಬ ಇರಬಹುದು. ಹಕ್ಕಿ ಹೆಕ್ಕುವವನೂ ಎಡಚ, ಹೆಂಡದ ಲೋಟ ಎತ್ತಿದವನೂ ಎಡಚ, ಯಜಮಾನನ ಕತ್ತಿ ಬಲಸೊಂಟದಲ್ಲಿ! ಎಂಟು ಚಿತ್ರದಲ್ಲೂ ಬಲಗೈಯವನು ಒಬ್ಬನೂ ಇಲ್ಲ. ಆಗ ಹಣೆ ಚಚ್ಚಿಕೊಂಡೆ. ತಗಡಿನಲ್ಲಿ ನೇರ ಕೊರೆದದ್ದು ಕಾಗದಕ್ಕೆ ಬರುವಾಗ ಎಡ ಬಲ ತಿರುಗುತ್ತದೆ. ಕೊರೆಯುವವನು ಕೆಳಗಿನ ಅಕ್ಷರಗಳನ್ನು ಮಾತ್ರ ಕಷ್ಟಪಟ್ಟು ಉಲ್ಟಾ ಕೊರೆದಿದ್ದಾನೆ, ಮನುಷ್ಯರು ಹೇಗಾದರೂ ಇರಲಿ ಎಂದು ಬಿಟ್ಟಿದ್ದಾನೆ. ಹುಡುಗನಾಗಿದ್ದಾಗಿನಿಂದ ಪ್ರೆಸ್ಸಿನಲ್ಲಿ ಉಲ್ಟಾ ಅಚ್ಚಿನ ಮೊಳೆ ನೋಡಿ ಬೆಳೆದವನು ನಾನು, ನನಗೇ ಹೊಳೆಯಲಿಲ್ಲ. ಬಲಗೈಯಲ್ಲಿ ಎಳೆದಿದ್ದರೆ ಅಂದೇ ಮುತ್ತು ಮನೆಯಲ್ಲಿರುತ್ತಿತ್ತು.

ಗುರುವಾರ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಗುರುವಾಯನಕೆರೆಗೆ ಬಸ್ಸು ಹತ್ತಿದೆ. ಅಲ್ಲಿ ನಿಝಾರನ ಹಕ್ಕಿ ಅಂಗಡಿಯಲ್ಲಿ ಕಾಕಟೀಲ್ ಇವೆ ಎಂದು ಗೊತ್ತಿತ್ತು. ಅದೇ ಬೂದು ಮೈ, ಅದೇ ಹಳದಿ ತಲೆ, ಕೆನ್ನೆಯಲ್ಲಿ ಅದೇ ಕಿತ್ತಳೆ ಬೊಟ್ಟು. ತಂದು ಗೂಡಿನಲ್ಲಿಟ್ಟರೆ ವೀಡಿಯೋದಲ್ಲಿ ನಿನಗೆ ತಿಳಿಯುವುದಿಲ್ಲ ಎಂದುಕೊಂಡೆ. ಕಿಸೆಗೆ ಕೈ ಹಾಕಿಯೂ ಆಗಿತ್ತು. ಅಷ್ಟರಲ್ಲಿ ಆ ಹಕ್ಕಿ ನನ್ನನ್ನು ನೋಡಿತು, ಗುರುತಿಲ್ಲದ ನೋಟ. ಕೈ ಹಿಂದೆ ತೆಗೆದೆ. ನಿನಗೆ ಸುಳ್ಳು ಹೇಳುವುದು ಬೇರೆ, ಸುಳ್ಳನ್ನು ತಂದು ಸಾಕುವುದು ಬೇರೆ. ಬದಲಿಗೆ, ಈ ಹಕ್ಕಿಯನ್ನು ಮರದಡಿ ಇಟ್ಟರೆ ಜೊತೆ ಸೇರಲು ಮುತ್ತು ಇಳಿದೀತೇ ಎಂದು ಕೇಳಿದೆ. ನಿಝಾರ್ ತಲೆಯಾಡಿಸಿದ. ‘ಕಾಕಾ, ನಿಮ್ಮದು ಮರಿಯಿಂದ ಕೈಯಲ್ಲಿ ಗುಟುಕು ತಿಂದು ಬೆಳೆದದ್ದು. ಅದು ಇನ್ನೊಂದು ಹಕ್ಕಿಯನ್ನೇ ಕಾಣ್ಲಿಲ್ಲ. ಅದಕ್ಕೆ ತಾನು ಹಕ್ಕಿ ಅಂತಲೇ ಗೊತ್ತಿಲ್ಲ.’ ಮತ್ತೆ ಮೆಲ್ಲಗೆ, ಹೊರಗೆ ಒಂದು ವಾರಕ್ಕಿಂತ ಹೆಚ್ಚು ಬದುಕುವುದು ಕಷ್ಟ, ತಿನ್ನಲು ಹುಡುಕಿಕೊಳ್ಳಲು ಬರುವುದಿಲ್ಲ ಎಂದ. ಬಸ್ಸಿನಲ್ಲಿ ಬರುವಾಗ ನನಗೆ ಅಳು ಬಂತು ಸೌದಾ. ಶಬ್ನಾ ಮದುವೆಯಾಗಿ ಹೋದ ಮೇಲೆ ಮನೆ ಮೌನವಾಯಿತೆಂದು ನೀನು ಮುತ್ತುವಿಗೆ ಮಾತು ಕಲಿಸಲು ಕೂತಿದ್ದು ನೆನಪಾಯಿತು.

ಶನಿವಾರ ಬಟ್ಟೆಯ ಬಣ್ಣ ತೋರಿಸುವ ನೆಪದಲ್ಲಿ ಪುಸ್ತಕ ಹಿಡಿದು ಮೂಡುಬಿದಿರೆಗೆ ಹೋದೆ. ನಿಜ ಹೇಳಿದರೆ, ಎಂಟನೆಯ ಚಿತ್ರ ನನಗೆ ಅರ್ಥವಾಗಿರಲಿಲ್ಲ. ಅದರಲ್ಲಿ ಬೇಟೆಗಾರ ಸುಮ್ಮನೆ ಪೊದೆಯ ಕೆಳಗೆ ಕೂತಿದ್ದಾನೆ, ಕೈ ಖಾಲಿ. ಪಕ್ಕದಲ್ಲಿ ಒಂದು ಚಿಕ್ಕ ಗೂಡು, ಅದರೊಳಗೆ ಒಂದೇ ಹಕ್ಕಿ. ಆಕಾಶದಲ್ಲಿ ಹೋಗುತ್ತಿದ್ದ ಹಿಂಡು ತಿರುಗಿ ಬರುತ್ತಿದೆ. ಮಾಸ್ಟ್ರು ಈಚೆಗೆ ಕಾಲೇಜಿನ ಯಾರಿಂದಲೋ ಅಡಿಬರಹದ ಅರ್ಥ ಬರೆಸಿಟ್ಟಿದ್ದರು. ‘ಇದು ಕರೆಯುವ ಹಕ್ಕಿ. ಒಳಗಿನದ್ದು ಕೂಗ್ತದೆ, ತಮ್ಮವರು ಇಲ್ಲಿದ್ದಾರೆ ಅಂತ ಮೇಲಿನವು ಇಳೀತವೆ. ಎಂಟರಲ್ಲಿ ನನಗೆ ನೋಡ್ಲಿಕ್ಕೆ ಅತಿ ಕಷ್ಟ ಆಗುವುದು ಇದೇ’ ಎಂದು ಪುಟ ಮುಚ್ಚಿದರು. ಬಲೆ, ಅಂಟು ಇರುವ ಚಿತ್ರಗಳಿಗಿಂತ ಇದು ಯಾಕೆ ಕಷ್ಟ ಎಂದು ನನಗೆ ಆಗ ತಿಳಿಯಲಿಲ್ಲ. ಸಿದ್ಧಕಟ್ಟೆ ದಾರಿಯಲ್ಲಿ ವಾಪಸು ಬರುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ತಾನು ಹಕ್ಕಿ ಎಂದೇ ಗೊತ್ತಿಲ್ಲದ ಮುತ್ತುವಿಗೆ ತನ್ನವರು ಎಂದರೆ ಯಾರು?

ಭಾನುವಾರ ಬೆಳಿಗ್ಗೆ ಗೂಡು ಹಿಡಿದು ಮರದಡಿ ಕೂತೆ. ಶಿಳ್ಳೆ ಹಾಕಿ ನೋಡಿದೆ, ಮುಂದಿನ ಎರಡು ಹಲ್ಲು ಹೋದ ಮೇಲೆ ಬರುವುದು ಗಾಳಿ ಮಾತ್ರ. ಮುತ್ತು ಅದೇ ಕೊಂಬೆಯಲ್ಲಿತ್ತು, ರೆಕ್ಕೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ. ಎರಡು ದಿನದಿಂದ ಶಿಳ್ಳೆಯೂ ಇರಲಿಲ್ಲ. ಇವತ್ತು ಬಿದ್ದುಬಿಡುತ್ತದೆ ಎಂದುಕೊಂಡೆ. ಆಗ ಫೋನು ಟಿಣ್ ಎಂದಿತು. ನಿನ್ನ ವಾಯ್ಸ್ ಮೆಸೇಜು. ಒತ್ತಿದೆ. ‘ಅಲ್ಲ ಮಾರಾಯ್ರೇ, ಪ್ರೆಶರಿನ ಮಾತ್ರೆ ತಗೊಂಡ್ರಾ? ಕೇಳಿದ್ರೆ ಹೂಂ ಅಂತೀರಿ, ಡಬ್ಬಿಯಲ್ಲಿ ಮಾತ್ರೆ ಹಾಗೇ ಉಂಟಂತೆ. ನೀವೇನು ಸಣ್ಣ ಮಗುವಾ? ಈಗಲೇ ಎದ್ದು ತಗೊಳ್ಳಿ!’ ನಿನ್ನ ಮಾತು ಮುಗಿಯುವ ಮೊದಲೇ ಮೇಲಿನಿಂದ ಕುಕ್ಕರಿನ ಶಿಳ್ಳೆ.

ಮತ್ತೊಮ್ಮೆ ಹಾಕಿದೆ. ಮುತ್ತು ಒಂದು ಕೊಂಬೆ ಕೆಳಗೆ. ಮತ್ತೊಮ್ಮೆ. ಇನ್ನೊಂದು ಕೊಂಬೆ. ನೀನು ನನ್ನನ್ನು ಬೈಯುತ್ತಾ ಹೋದೆ, ಅದು ಇಳಿಯುತ್ತಾ ಬಂತು. ಬೇಲಿಯಾಚೆಯಿಂದ ಜತ್ತಪ್ಪಣ್ಣ ‘ಬ್ಯಾರಿಗಳೇ, ಹೆಂಡತಿಯ ಬೈಗುಳ ಇಷ್ಟು ಸಲ ಆಸೆಯಿಂದ ಕೇಳುವ ಗಂಡಸನ್ನು ನಾನು ಕಾಣ್ಲಿಲ್ಲ’ ಎಂದರು. ಹತ್ತೋ ಹನ್ನೊಂದೋ ಸಲ ಆದ ಮೇಲೆ ಅದು ನನ್ನ ಟೊಪ್ಪಿಯ ಮೇಲೆ ಕೂತಿತು. ಎಷ್ಟು ಹಗುರವಾಗಿತ್ತು, ಸೌದಾ. ಅಲ್ಲಿಂದ ಕೈಗೆ, ಕೈಯಿಂದ ಫೋನಿಗೆ. ನಾನು ಉಸಿರು ಹಿಡಿದು ಫೋನನ್ನು ಗೂಡಿನೊಳಗೆ ಇಟ್ಟೆ. ಅದೂ ಹಿಂದೆಯೇ ನಡೆದುಹೋಯಿತು. ಬಾಗಿಲು ಹಾಕಿದೆ. ಈ ಸಲ ಕೊಂಡಿ, ಹಿತ್ತಾಳೆಯದ್ದು, ಹೊಸದು.

ಗೆದ್ದೆ ಎಂದು ಕೂಗಬೇಕೆಂದಿದ್ದವನು ಕೂಗಲಿಲ್ಲ. ಒಳಗೆ ಮುತ್ತು ಫೋನಿನ ಗಾಜನ್ನು ಕುಟ್ಟಿ ನೋಡಿತು. ಆಮೇಲೆ ಫೋನಿನ ಹಿಂದಕ್ಕೆ ಹೋಗಿ ನೋಡಿತು. ನೀನು ಅಲ್ಲಿರಲಿಲ್ಲ. ಮತ್ತೆ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ನಂತರ ಮೂಲೆಯಲ್ಲಿ ಕೂತು ಸಂಜೆಯವರೆಗೂ ಒಂದು ಸ್ವರ ಎತ್ತಲಿಲ್ಲ. ಮಾಸ್ಟ್ರು ಪುಟ ಮುಚ್ಚಿದ್ದು ಯಾಕೆಂದು ಆಗ ತಿಳಿಯಿತು. ಅಯ್ಯೋ ಎನಿಸಿತು ನನಗೆ. ಹಿಡಿದದ್ದು ಸರಿ, ಹಿಡಿಯದಿದ್ದರೆ ಸಾಯುತ್ತಿತ್ತು. ಆದರೂ ಇಲ್ಲಿಲ್ಲದವಳ ದನಿ ಕೇಳಿಸಿ ಕರೆದೆನಲ್ಲ.

ಈಗ ಅದು ತೆನೆ ತಿನ್ನುತ್ತಿದೆ, ನಿನ್ನೆಯಿಂದ ಶಿಳ್ಳೆಯೂ ಶುರುವಾಗಿದೆ. ಗಾಬರಿ ಬೇಡ. ಪುಸ್ತಕ ಮುಗಿಯಿತು, ನೀಲಿ ಕ್ಯಾಲಿಕೋ, ಬೆನ್ನು ಎದ್ದು ನಿಂತಿದೆ, ನನ್ನ ಕೈಯ ಒಳ್ಳೆಯ ಕೆಲಸಗಳಲ್ಲಿ ಒಂದು. ಎಂಟನೆಯ ಚಿತ್ರದ ಮೇಲೆ ಮಾತ್ರ ಒಂದು ತೆಳು ಬಟರ್ ಪೇಪರ್ ಹೊದಿಸಿದ್ದೇನೆ, ಬೇಕೆಂದವರು ಎತ್ತಿ ನೋಡಲಿ. ರಟ್ಟಿನ ಗೂಬೆಯನ್ನು ಮಗುವಿಗೆ ಇಟ್ಟಿದ್ದೇನೆ, ಕಣ್ಣು ಹೊಸದು ಹಾಕುತ್ತೇನೆ. ಶಬ್ನಾಳಿಗೂ ಅಳಿಯನಿಗೂ ನನ್ನ ಸಲಾಂ ಹೇಳು. ಮಗುವಿನ ಹಣೆಗೆ ನನ್ನ ಹೆಸರು ಹೇಳಿ ಒಂದು ಮುತ್ತು ಕೊಡು. ನಿಮ್ಮೆಲ್ಲರ ಮೇಲೂ ಅಲ್ಲಾಹನ ಕರುಣೆ ಇರಲಿ.

ನಿನ್ನ
ಅಬ್ದುಲ್ ರವೂಫ್

ಮರೆತದ್ದು: ಇರ್ಷಾದ್ ಪೆಟ್ಟಿಗೆ ಕಟ್ಟಬೇಕೆಂದು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಶುಕ್ರವಾರ ಶಬ್ನಾ ‘ಉಮ್ಮ ಬಕ್ರೀದ್ ಕಳೆದೇ ಬರಲಿ, ವೀಸಾ ಮುಂದೆ ಹಾಕಿಸ್ತೇವೆ’ ಎಂದಾಗ ‘ಇರಲಿ, ನನಗೇನು ತೊಂದರೆ’ ಎಂದವನು ನಾನೇ. ಆಗ ಮುತ್ತು ಮರದ ಮೇಲಿತ್ತು, ನೀನು ಬಂದರೆ ಏನು ಹೇಳಲಿ ಎಂಬ ಹೆದರಿಕೆ ಒಂದು. ಸ್ಪೀಕರಿನಲ್ಲಿ ಅಷ್ಟು ಜನರೆದುರು ಬೇರೆ ಏನು ಹೇಳಲಿ ಎಂಬುದು ಇನ್ನೊಂದು. ಆ ಮಾತು ನಂಬಬೇಡ. ರಂಜಾನಿನ ನೋಂಬು ಶುರುವಾಗುವ ಮೊದಲು ಬಾ. ನಿನ್ನ ಮಾತ್ರೆಯ ಮೆಸೇಜನ್ನು ನಾನು ಅಳಿಸಿಲ್ಲ, ಬೆಳಿಗ್ಗೆ ಎದ್ದು ಒಮ್ಮೆ ಹಾಕುತ್ತೇನೆ. ಮುತ್ತುವಿಗೆ ಎಂದು ಮುರ್ಶಿದಾಳಿಗೆ ಹೇಳಿದ್ದೇನೆ. ಮುತ್ತು ಈಗ ಅದಕ್ಕೆ ತಿರುಗಿಯೂ ನೋಡುವುದಿಲ್ಲ.